ಕಂಪನಿಯ ಹೊಟ್ಟೆ

ಗುರುಸಿದ್ಧನ ಹೊಟ್ಟೆ ಕಂಪನಿಗೆ ಸೇರಿದ್ದಾಗಿತ್ತು. ಇದು ಮಾತಿನ ಚಮತ್ಕಾರಕ್ಕೆ ಹೇಳಿದ್ದಲ್ಲ. ಗದಗಿನ ಹೊರಗೆ, ಕಪ್ಪತಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನೆಟ್ಟಿದ್ದ ವಿದ್ಯುತ್ ಕಂಪನಿಗೆ ಅವನು ಸೇರುವಾಗ ಸಹಿ ಹಾಕಿದ ಕರಾರಿನಲ್ಲಿ, ಕರುಳಿನೊಳಗೆ ವಾಸಿಸುವ ಸಕಲ ಸೂಕ್ಷ್ಮಜೀವಿಗಳೂ ಕರಾರು ಮುಗಿಯುವವರೆಗೆ ಕಂಪನಿಯ ಸ್ವತ್ತು ಎಂದು ಅಚ್ಚುಕಟ್ಟಾಗಿ ಬರೆದಿತ್ತು. ಕೈಕಾಲು, ತಲೆ, ಎದೆ ಎಲ್ಲ ಅವನವೇ. ಹೊಟ್ಟೆಯೊಂದು ಮಾತ್ರ ಬಾಡಿಗೆಗೆ ಹೋಗಿತ್ತು.

ಯಾಕೆ ಕೊಟ್ಟ ಎಂದು ಕೇಳಿದರೆ ಅವನ ಹಿಂದಿನ ಕಥೆ ಹೇಳಬೇಕಾಗುತ್ತದೆ. ಗುರುಸಿದ್ಧ ಹುಟ್ಟಾ ಚಂಚಲ. ಶಾಲೆಯಲ್ಲಿ ಮಾಸ್ತರು ಹಲಗೆಯ ಮೇಲೆ ಲೆಕ್ಕ ಬರೆದು ಮುಗಿಸುವಷ್ಟರಲ್ಲಿ ಇವನ ಮನಸ್ಸು ಕಿಟಕಿ ಹಾರಿ, ಬಯಲು ದಾಟಿ, ರೈಲ್ವೆ ಗೇಟಿನ ಹತ್ತಿರ ಐಸ್‌ಕ್ಯಾಂಡಿ ಮಾರುವವನ ಸೈಕಲ್ಲಿನ ಗಂಟೆ ಬಾರಿಸಿ ಬಂದಿರುತ್ತಿತ್ತು. "ಕುಂಡಿ ಕೆಳಗ ಮುಳ್ಳು ಅದಾವೇನಲೇ?" ಎಂದು ಮಾಸ್ತರು ಬೆತ್ತ ಎತ್ತುತ್ತಿದ್ದರು. ದೊಡ್ಡವನಾದ ಮೇಲೆ ವೈರಿಂಗ್ ಕೆಲಸ ಕಲಿತ. ಕೈ ಚುರುಕು, ಕೆಲಸ ಚೊಕ್ಕ, ಆದರೆ ಯಾವುದೂ ಪೂರ್ತಿಯಾಗುತ್ತಿರಲಿಲ್ಲ. ಒಬ್ಬರ ಮನೆಯ ಫ್ಯಾನು ಬಿಚ್ಚಿಟ್ಟು ಸ್ಕ್ರೂ ತರಲು ಪೇಟೆಗೆ ಹೋದವನು, ದಾರಿಯಲ್ಲಿ ಇನ್ನೊಬ್ಬರ ಪಂಪು ನೋಡಲು ನಿಂತು, ಅದನ್ನೂ ಅರ್ಧಕ್ಕೆ ಬಿಟ್ಟು, ಸಂಜೆ ಖಾಲಿ ಕೈಯಲ್ಲಿ ಮನೆ ಸೇರುತ್ತಿದ್ದ. ಗಿರಾಕಿಗಳು ಬಾಗಿಲಿಗೆ ಬಂದು ಕೂಗಾಡುವಾಗ ಹೆಂಡತಿ ಕಸ್ತೂರಿ ಅವರಿಗೆ ಚಹಾ ಕೊಟ್ಟು ಸಮಾಧಾನ ಮಾಡುತ್ತಿದ್ದಳು. ಹುಬ್ಬಳ್ಳಿಯ ಡಾಕ್ಟರೊಬ್ಬರು ಇದಕ್ಕೆ ಎಡಿಎಚ್‌ಡಿ ಎಂದು ಹೆಸರು ಹೇಳಿದರು. ಹೆಸರು ಸಿಕ್ಕಿದ್ದರಿಂದ ಅರ್ಧ ಸಮಾಧಾನವಾಯಿತು. ಉಳಿದರ್ಧ ಮಾತ್ರೆಯಿಂದ ಆಗಬೇಕಿತ್ತು, ಆದರೆ ಮಾತ್ರೆ ನುಂಗುವುದನ್ನೇ ಅವನು ಮರೆಯುತ್ತಿದ್ದ.

ಅಷ್ಟರಲ್ಲಿ ವಿಜ್ಞಾನಿಗಳ ಕಣ್ಣು ತಲೆಯಿಂದ ಇಳಿದು ಹೊಟ್ಟೆಯ ಮೇಲೆ ಬಿದ್ದಿತ್ತು. ಕರುಳಿನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ಸಂಸಾರ ಹೂಡಿಕೊಂಡಿರುತ್ತವೆ. ನಾವು ತಿಂದದ್ದರಲ್ಲಿ ಅವೂ ತಿಂದು ತಮ್ಮ ಪಾಲಿನ ರಸಗಳನ್ನು ಬಿಡುತ್ತವೆ. ಗಮನವನ್ನು ಒಂದು ಕಡೆ ಹಿಡಿದಿಡಲು ಮಿದುಳಿಗೆ ಡೋಪಮೈನ್ ಎಂಬ ರಾಸಾಯನಿಕ ಬೇಕು. ಅದಕ್ಕೆ ಬೇಕಾದ ಕಚ್ಚಾ ಮಾಲಿನಲ್ಲಿ ಒಂದಿಷ್ಟು ಈ ಜೀವಿಗಳ ಕೈಯಲ್ಲಿದೆ. ಅದೂ ಸಾಲದೆಂಬಂತೆ ಹೊಟ್ಟೆಯಿಂದ ತಲೆಗೆ ಹೋಗುವ ಉದ್ದನೆಯ ನರವೊಂದರ ಮೂಲಕ ಅವು ಮೇಲಕ್ಕೆ ಚಾಡಿಯನ್ನೂ ಹೇಳುತ್ತಿರುತ್ತವೆ. ಹಾಗಾದರೆ ಚಂಚಲನ ಕರುಳಿನ ಈ ಬಳಗವನ್ನೇ ಒಕ್ಕಲೆಬ್ಬಿಸಿ ಬೇರೊಂದು ಬಳಗವನ್ನು ನೆಟ್ಟರೆ ಏನಾದೀತು? ನಮ್ಮ ಕಥೆಯ ಕಾಲಕ್ಕೆ ಅದನ್ನು ಮಾಡಿಯೂ ಆಗಿತ್ತು. ಪ್ರಯೋಗಶಾಲೆಯಲ್ಲಿ ತಿದ್ದಿ ಬೆಳೆಸಿದ ಆ ಜೀವಿಗೆ 'ನೆಲೆ' ಎಂದು ಹೆಸರಿಟ್ಟಿದ್ದರು.

ಗಾಳಿ ಕಂಪನಿಗೂ ಹೊಟ್ಟೆಗೂ ಎಲ್ಲಿಯ ನಂಟು ಎಂದರೆ, ಅದಕ್ಕೂ ಕಾರಣವಿತ್ತು. ಹಿಂದೊಮ್ಮೆ ಯಂತ್ರಗಳನ್ನೇ ನಂಬಿ ಕೂತು ಅರ್ಧ ರಾಜ್ಯ ಕತ್ತಲಾದ ಮೇಲೆ, ಯಂತ್ರದ ಮೇಲೆ ಮನುಷ್ಯನ ಕಣ್ಣು ಇರಲೇಬೇಕು ಎಂದು ಸರಕಾರ ಕಾಯಿದೆ ಮಾಡಿತ್ತು. ಎಂಥ ಜಾಣನಾದರೂ ತಿರುಗುವ ಫ್ಯಾನುಗಳನ್ನು ದಿನವಿಡೀ ನೋಡುತ್ತ ಕೂತರೆ ತೂಕಡಿಸುತ್ತಾನೆ. ಆದರೆ ಗುರುಸಿದ್ಧನಂಥ ಚಂಚಲರಿಗೆ ನೆಲೆಯನ್ನು ನೆಟ್ಟರೆ ಸಂಗತಿಯೇ ಬೇರೆಯಾಗುತ್ತಿತ್ತು. ನೂರು ಕಡೆ ಹರಿದಾಡಿ ರೂಢಿಯಾದ ಅವರ ಗಮನ ಒಮ್ಮೆ ಒಂದು ಗೋಡೆಯ ಮೇಲೆ ನಿಂತಿತೆಂದರೆ ಆ ಗೋಡೆಯ ಮೂಲೆಮೂಲೆಯನ್ನೂ ಒಟ್ಟಿಗೆ ಹಿಡಿಯುತ್ತಿತ್ತು. ಕಂಪನಿ ಊರೂರಲ್ಲಿ ಚಂಚಲರನ್ನು ಹುಡುಕಿ ಕೆಲಸಕ್ಕೆ ಕರೆಯಿತು. ಜೀವಮಾನದಲ್ಲಿ ಮೊದಲ ಸಲ ಅವರ ಅವಗುಣಕ್ಕೆ ಸಂಬಳ ಬಂತು.

ಒಪ್ಪಂದ ಹೀಗಿತ್ತು. ಮೊದಲು ಔಷಧಿ ಕೊಟ್ಟು ಕರುಳನ್ನು ತೊಳೆಯುತ್ತಾರೆ. ತೊಳೆಯುವ ಮುಂಚೆ ಅಲ್ಲಿದ್ದ ಬಳಗದ ಒಂದು ಪಾಲನ್ನು ತೆಗೆದು, ಕೊಳವೆಯಲ್ಲಿ ತುಂಬಿ, ಹೆಪ್ಪುಗಟ್ಟಿಸಿ ಕಾದಿಡುತ್ತಾರೆ. ಅದಕ್ಕೆ 'ಮೂಲ' ಎಂದು ಹೆಸರು. ಕರಾರು ಮುಗಿದ ದಿನ ಮೂಲವನ್ನು ಮತ್ತೆ ಹೊಟ್ಟೆಗೆ ಸೇರಿಸಿ, ಬಂದ ಹಾಗೆ ಮನೆಗೆ ಕಳಿಸುತ್ತಾರೆ. ಅಲ್ಲಿಯವರೆಗೆ ನೆಲೆ ಓಡಿಹೋಗದಂತೆ ಒಂದು ಕಡಿವಾಣ ಹಾಕಿದ್ದರು. ಬದುಕಲು ಬೇಕಾದ ಒಂದು ಜೀವಸತ್ವವನ್ನು ಅದು ತಾನೇ ತಯಾರಿಸಿಕೊಳ್ಳಲಾರದು. ಕಂಪನಿಯವರು ಕೊಡುವ ಬೂದು ಬಣ್ಣದ ಗಂಜಿಯಲ್ಲಿ ಮಾತ್ರ ಆ ಸತ್ವ ಸಿಗುತ್ತಿತ್ತು. ಕಂಪನಿಯ ಕಾಗದಗಳಲ್ಲಿ ಆ ಗಂಜಿಯ ಹೆಸರು ಪೋಷಕ ದ್ರವ. ಕುಡಿಯುವವರ ಬಾಯಲ್ಲಿ ಅಂಬಲಿ. ಕುಡಿಯದೆ ಬಿಟ್ಟರೆ ನೆಲೆ ಸತ್ತು ಕರುಳು ಬರಿದಾಗಿ, ಮನುಷ್ಯ ಮೊದಲಿಗಿಂತ ಹಾಳಾಗುತ್ತಿದ್ದ. ಮನೆಯ ಊಟದಲ್ಲಿ ಹುಳಿ ಬಂದದ್ದು, ಹುದುಗಿದ್ದು, ಹೆಪ್ಪು ಹಾಕಿದ್ದು ಯಾವುದನ್ನೂ ಮುಟ್ಟುವ ಹಾಗಿರಲಿಲ್ಲ. ಅವುಗಳಲ್ಲಿರುವ ಪರಕೀಯರು ನೆಲೆಯ ಜೊತೆ ಜಗಳ ತೆಗೆಯುತ್ತಾರೆಂದು ಕಂಪನಿಯ ಡಾಕ್ಟರ್ ನಫೀಸಾ ಮೊದಲ ದಿನವೇ ತಾಕೀತು ಮಾಡಿದ್ದರು.

ಮೊದಮೊದಲು ಗುರುಸಿದ್ಧನಿಗೆ ಸ್ವರ್ಗಕ್ಕೆ ಮೂರೇ ಗೇಣು. ನಿಯಂತ್ರಣ ಕೊಠಡಿಯ ಗೋಡೆಯ ತುಂಬ ಪರದೆಗಳು, ಪರದೆಗಳ ತುಂಬ ಗುಡ್ಡಗಳು, ಗುಡ್ಡಗಳ ಮೇಲೆ ತಿರುಗುವ ಬಿಳಿಯ ರೆಕ್ಕೆಗಳು. ಕುರ್ಚಿಯಲ್ಲಿ ಕೂತರೆ ಮನಸ್ಸು ಗಪ್‌ಚಿಪ್ಪಾಗಿ ಜೊತೆಗೇ ಕೂತುಕೊಳ್ಳುತ್ತಿತ್ತು. ಯಾವುದೋ ಮೂಲೆಯ ರೆಕ್ಕೆ ಕೂದಲೆಳೆಯಷ್ಟು ತಡವರಿಸಿದರೂ ಗೊತ್ತಾಗುತ್ತಿತ್ತು. ಹಿಡಿದ ಕೆಲಸ ಮುಗಿಸಿ ಏಳುವುದರಲ್ಲಿ ಇಷ್ಟು ಸುಖವಿದೆಯೆಂದು ಅವನಿಗೆ ಅಲ್ಲಿಯತನಕ ಯಾರೂ ಹೇಳಿರಲಿಲ್ಲ. ಆ ಸುಖಕ್ಕೆ ಒಂದು ದಿನ ಅತ್ತೂಬಿಟ್ಟಿದ್ದ.

ತೊಡಕು ಶುರುವಾದದ್ದು ಮನೆಯಲ್ಲಿ. ಮಗಳು ಇಂಚರಾ ಎರಡನೇ ಇಯತ್ತೆಯಲ್ಲಿದ್ದಳು, ಅಪ್ಪನ ತದ್ರೂಪು. ಹಿಂದೆಲ್ಲ ರವಿವಾರ ಬಂತೆಂದರೆ ಇಬ್ಬರೂ ಕಾಯಿಪಲ್ಲೆ ತರಲು ಹೊರಟು, ಮುದ್ರಣಾಲಯದ ಬಾಗಿಲಲ್ಲಿ ಯಂತ್ರ ನೋಡುತ್ತ ನಿಂತು, ಅಲ್ಲಿಂದ ಯಾರದೋ ಮದುವೆಯ ಬಾಜಾ ಹಿಂದೆ ಹೋಗಿ, ಕಾಯಿಪಲ್ಲೆ ಮರೆತು, ಕೈಯಲ್ಲೊಂದು ಪಪ್ಪಾಯಿ ಹಿಡಿದುಕೊಂಡು ಬರುತ್ತಿದ್ದರು. ಈಗ ಅವನು ಹೋಗಿ ಕಾಯಿಪಲ್ಲೆ ತಂದುಬಿಡುತ್ತಿದ್ದ. ಮಗಳು "ಅಪ್ಪಾ, ಅಪ್ಪಾ" ಎಂದು ಅಂಗಿ ಎಳೆದರೂ, ಕೈಯಲ್ಲಿದ್ದ ಸುದ್ದಿಪತ್ರಿಕೆಯ ಸಾಲು ಮುಗಿಯುವವರೆಗೆ ಆ ದನಿ ಅವನ ಕಿವಿಗೆ ಬೀಳುತ್ತಿರಲಿಲ್ಲ. ಅವಳು ಬರಬರುತ್ತ ಅಂಗಿ ಎಳೆಯುವುದನ್ನೇ ಬಿಟ್ಟಳು. ಅದು ಗೊತ್ತಾದ ದಿನ ಅವನ ಜೀವ ಚುರ್ ಎಂದಿತು. ಅಂದಿನಿಂದ ಅವನ ಮನಸ್ಸಿನಲ್ಲಿ ಒಂದೇ ಆಸೆ: ದೀಪಾವಳಿಗೆ ಕರಾರು ಮುಗಿಯುತ್ತದೆ, ಮೂಲ ವಾಪಸ್ಸು ಬರುತ್ತದೆ, ಮಗಳ ಕೈ ಹಿಡಿದು ಮತ್ತೆ ದಾರಿ ತಪ್ಪಬೇಕು. ನೆಲೆಯಿದ್ದ ಮನಸ್ಸಿನಲ್ಲಿ ಆಸೆ ಹೊಕ್ಕರೆ ಅದೂ ಹಿಡಿದ ಹಿಡಿ ಬಿಡುತ್ತಿರಲಿಲ್ಲ.

ಕಸ್ತೂರಿಯ ಸಂಕಟ ಬೇರೆ. ಕಟ್ಟಿಕೊಂಡ ಗಂಡ ತನ್ನ ಕೈಯ ಅಡಿಗೆ ಉಣ್ಣುವುದಿಲ್ಲವೆಂದರೆ ಯಾವ ಹೆಂಗಸಿಗೆ ಸಹಿಸೀತು? ವಾರದ ರಜೆಗೆ ಕಂಪನಿಯವರು ಅಂಬಲಿಯ ಪ್ಯಾಕೆಟ್ಟು ಕೊಟ್ಟು ಕಳಿಸುತ್ತಿದ್ದರು. ಅವಳು ರೊಟ್ಟಿ ಬಡಿದು, ಶೇಂಗಾ ಚಟ್ನಿ ಮಾಡಿ, ಮೊಸರಿನ ಗಡಿಗೆ ತಂದಿಟ್ಟು, ಗಂಡ ಮೂಲೆಯಲ್ಲಿ ಕೂತು ಅಂಬಲಿ ಕುಡಿಯುವುದನ್ನು ನೋಡಬೇಕಾಗುತ್ತಿತ್ತು. ಆದರೆ ಅನ್ನ ಚೆಲ್ಲುವ ಮನೆತನದಿಂದ ಬಂದವಳಲ್ಲ ಅವಳು. ಹಾಲಿನ ಪ್ಯಾಕೆಟ್ಟು ಖಾಲಿಯಾದರೆ ಅದಕ್ಕೆ ತುಸು ನೀರು ಹಾಕಿ, ಅಲುಗಾಡಿಸಿ, ಆ ಬಿಳಿನೀರನ್ನೂ ಪಾತ್ರೆಗೆ ಸುರಿಯುವ ಕೈ ಅದು. ಅಂಬಲಿಯ ಪ್ಯಾಕೆಟ್ಟಿನ ತಳದಲ್ಲಿ ಉಳಿದದ್ದನ್ನೂ ಹಾಗೆಯೇ ಹಾಲಿನಲ್ಲಿ ತೊಳೆದು, ಹೆಪ್ಪು ಹಾಕಲು ಇಟ್ಟ ಗಡಿಗೆಗೆ ಸುರಿಯುತ್ತಿದ್ದಳು. ಇಂಥ ಸಣ್ಣ ವಿಷಯವನ್ನು ಯಾರೂ ಯಾರಿಗೂ ಹೇಳುವುದಿಲ್ಲ.

ಬೇಸಿಗೆಯಲ್ಲಿ ಇಂಚರಾಳಿಗೆ ಜ್ವರ ಬಂತು. ಬೀದಿಯ ತುದಿಯ ದವಾಖಾನೆಯಲ್ಲಿ ಜೋರಾದ ಮಾತ್ರೆಗಳನ್ನು ಬರೆದುಕೊಟ್ಟರು. ಜ್ವರದ ಗಡಿಬಿಡಿಯಲ್ಲಿ ಮನೆಯ ಹೆಪ್ಪು ಕೆಟ್ಟುಹೋಯಿತು. ಕಸ್ತೂರಿ ಪಕ್ಕದ ಮನೆಗೆ ಕೇಳಲು ಹೋಗುವ ಬದಲು ತನ್ನ ತಾಯಿ ಮಾಡುತ್ತಿದ್ದ ಹಾಗೆ ಹಸಿಮೆಣಸಿನಕಾಯಿಯ ತೊಟ್ಟುಗಳನ್ನು ಮುರಿದು ಉಗುರುಬೆಚ್ಚಗಿನ ಹಾಲಿಗೆ ಹಾಕಿದಳು. ಪ್ಯಾಕೆಟ್ಟು ತೊಳೆದ ಹಾಲೂ ಅದರಲ್ಲೇ ಸೇರಿತು. ಮರುದಿನ ಗಡಿಗೆ ಬೋರಲು ಹಾಕಿದರೂ ಬೀಳದಂಥ ಗಟ್ಟಿ ಮೊಸರಾಯಿತು. ಅದರಲ್ಲೇ ಒಂದು ಚಮಚ ತೆಗೆದು ಮುಂದಿನ ಹೆಪ್ಪು, ಅದರಲ್ಲಿ ಮತ್ತೊಂದು ಚಮಚ ಅದರ ಮುಂದಿನದಕ್ಕೆ. ಜ್ವರ ಬಿಟ್ಟೆದ್ದ ಮಗಳು ಎರಡು ಹೊತ್ತೂ ಮೊಸರನ್ನವನ್ನೇ ಕೇಳಿ ಉಂಡಳು.

ಒಂದು ರಜೆಯ ದಿನ ಅವಳು ತಟ್ಟೆಯಿಂದ ಒಂದು ತುತ್ತು ತೆಗೆದು ಅಪ್ಪನ ಬಾಯಿಯ ಮುಂದೆ ಹಿಡಿದಳು.

"ಆ ಅನ್ನು, ಅಪ್ಪಾ."

"ಬ್ಯಾಡವ್ವಾ, ನಾ ಉಣ್ಣಂಗಿಲ್ಲ."

"ನನ್ನ ಕೈಯಾಗಿಂದೂ ಉಣ್ಣಂಗಿಲ್ಲೇನು?"

ಬಹಳ ದಿನಗಳ ಮೇಲೆ ಅವಳು ಅವನನ್ನು ಏನನ್ನಾದರೂ ಕೇಳಿದ್ದು ಅದೇ ಮೊದಲು. ಗುರುಸಿದ್ಧ ಬಾಯಿ ತೆರೆದ. ಹುಳಿ, ಉಪ್ಪು, ತಣ್ಣಗಿನ ಅನ್ನ. ಕಣ್ಣಲ್ಲಿ ನೀರು ಬಂತು. ಕಸ್ತೂರಿ ಅವನಿಗೊಂದು ತಟ್ಟೆ ಹಾಕಿದಳು. ನೆಲೆಗೆ ಏನಾದರೂ ಆಗುತ್ತದೆಂದು ಅವನು ಮರುದಿನ ಹೆದರುತ್ತಲೇ ಕುರ್ಚಿಯಲ್ಲಿ ಕೂತ. ಏನೂ ಆಗಲಿಲ್ಲ. ಆಮೇಲೆ ಕದ್ದು ಉಣ್ಣುವುದು ರೂಢಿಯಾಯಿತು.

ಮಳೆಗಾಲದ ಆರಂಭದಲ್ಲಿ ಅಂಬಲಿ ತಯಾರಿಸುವ ಕಾರ್ಖಾನೆಯ ಬಾಯ್ಲರ್ ಕೆಟ್ಟು, ಕೆಲವು ದಿನ ಸರಬರಾಜು ನಿಂತಿತು. ನಿಯಂತ್ರಣ ಕೊಠಡಿ ಹುಚ್ಚರ ಸಂತೆಯಾಯಿತು. ಪಕ್ಕದ ಕುರ್ಚಿಯ ಯಮನೂರಪ್ಪ ಎದ್ದು ನಿಲ್ಲುವುದು, ಯಾಕೆ ಎದ್ದೆ ಎಂದು ಮರೆಯುವುದು, ಮತ್ತೆ ಕೂರುವುದು. ಕೊನೆಗೆ ಮೇಜಿನ ಮೇಲೆ ತಲೆಯಿಟ್ಟು, "ಒಂದ್ ಸಾಲ್ ಓದಾಕ ಆಗವಲ್ದೋ ಗುರುಸಿದ್ಧ, ಅಕ್ಷರೆಲ್ಲಾ ಹಾರಿ ಹೊಂಟಾವು," ಎಂದು ಗೋಳಾಡಿದ. ಗುರುಸಿದ್ಧ ಒಬ್ಬನೇ ಗೋಡೆಯ ಎದುರು ಕಂಬದ ಹಾಗೆ ಕೂತಿದ್ದ. ಡಾಕ್ಟರ್ ನಫೀಸಾ ಬಂದು ಅವನ ನಾಡಿ ಹಿಡಿದರು.

"ನಿಮಗ ಹೆಂಗ ಏನೂ ಆಗಿಲ್ಲಲ್ರಿ?"

"ಮನ್ಯಾಗ ಒಂದೆರಡು ಪ್ಯಾಕೆಟ್ ಉಳದಿದ್ವು ಮೇಡಂ," ಎಂದು ಅವನು ಸುಳ್ಳು ಹೇಳಿದ.

ಸುಳ್ಳು ಹೇಳಿ ಮನೆಗೆ ಬಂದವನಿಗೆ ಖುಷಿಯೋ ಖುಷಿ. ಗಡಿಗೆಯ ಮೊಸರು ನೆಲೆಯನ್ನು ಸಾಕುತ್ತಿದೆ ಎಂದು ಅವನಿಗೆ ಹೊಳೆದಿತ್ತು. ಅಂದರೆ ಅಂಬಲಿಗಾಗಿ ಕಂಪನಿಯ ಬಾಗಿಲು ಕಾಯಬೇಕಾಗಿಲ್ಲ, ಯಾವ ಹೊತ್ತಿಗಾದರೂ ಮನೆಯಲ್ಲೇ ಉಣ್ಣಬಹುದು. ಕಸ್ತೂರಿಗೆ ಹೇಳಿದಾಗ ಅವಳ ಮುಖ ಅರಳಿತು. "ನನ್ನ ಕೈ ಗುಣಾ ಅಂದ್ರೇನು ಅಂತ ಮಾಡೀರಿ?" ಎಂದಳು. ಅಂದಿನಿಂದ ಮೂವರ ತಟ್ಟೆಗೂ ಮೊಸರು ಧಾರಾಳವಾಗಿ ಬಿತ್ತು.

ಇಂಚರಾ ಸುಧಾರಿಸಿದ್ದಾಳೆಂದು ಮೊದಲು ಹೇಳಿದ್ದು ಶಾಲೆಯಲ್ಲಿ ಪಾಠ ಹೇಳುವ ಅಕ್ಕೋರು. ಕೂತ ಜಾಗದಿಂದ ಏಳುವುದಿಲ್ಲ, ಕೊಟ್ಟ ಲೆಕ್ಕ ಮುಗಿಸದೆ ಬಿಡುವುದಿಲ್ಲ, ಅಕ್ಷರ ಮುತ್ತಿನ ಹಾಗೆ. "ಏನ್ ಮಾಡಿದ್ರಿ ಕಸ್ತೂರಿಬಾಯಿ? ಬ್ಯಾರೆ ಮಕ್ಕಳಿಗೂ ಹೇಳ್ರಿ," ಎಂದು ಅಕ್ಕೋರು ಹೊಗಳಿದರು. ತಾಯಿ ಬೀಗಿದಳು. ಗುರುಸಿದ್ಧನಿಗೆ ಒಳಗೊಳಗೇ ಏನೋ ಚುಚ್ಚಿತು. ಆದರೆ ಮಗಳು ಬೈಸಿಕೊಳ್ಳದೆ ಮನೆಗೆ ಬರುತ್ತಿದ್ದಾಳಲ್ಲ, ತನಗೆ ಬಿದ್ದ ಬೆತ್ತ ಅವಳಿಗೆ ಬೀಳುತ್ತಿಲ್ಲವಲ್ಲ ಎಂದು ಸುಮ್ಮನಾದ. ಸುಮ್ಮನಾಗಬಾರದಿತ್ತು.

ಶ್ರಾವಣದ ಒಂದು ಮಧ್ಯಾಹ್ನ ಕಸ್ತೂರಿ ಒಣಗಿದ ಅಲಸಂದಿ ಕಾಯಿಗಳನ್ನು ಮೊರದಲ್ಲಿಟ್ಟು, "ಇಷ್ಟು ಬಿಡಿಸಿ ಇಡವ್ವಾ," ಎಂದು ಹೇಳಿ ಓಣಿಯಲ್ಲಿ ಸತ್ತವರ ಮನೆಗೆ ಹೋದಳು. ಗುರುಸಿದ್ಧ ಕೆಲಸ ಮುಗಿಸಿ ಬಂದಾಗ ಇಂಚರಾ ಪಡಸಾಲೆಯಲ್ಲಿ ಕೂತಿದ್ದಳು. ಕಾಯಿಗಳೆಲ್ಲ ಎಂದೋ ಮುಗಿದಿದ್ದವು. ಅವಳು ಖಾಲಿ ಸಿಪ್ಪೆಗಳನ್ನು ಒಂದೊಂದಾಗಿ ಎತ್ತಿ, ಬಿಡಿಸಿ, ಒಳಗೆ ನೋಡಿ, ಪಕ್ಕಕ್ಕಿಟ್ಟು, ಇಟ್ಟದ್ದನ್ನೇ ಮತ್ತೆ ಎತ್ತುತ್ತಿದ್ದಳು. ಬೆರಳ ತುದಿಗಳು ಒಡೆದು ಸಿಪ್ಪೆಗಳಿಗೆ ರಕ್ತ ಹತ್ತಿತ್ತು. ಕೂತಲ್ಲೇ ಉಚ್ಚೆ ಹೋಗಿ, ಲಂಗ ಒದ್ದೆಯಾಗಿ, ನೆಲದ ಮೇಲೆಲ್ಲ ಹರಿದಿತ್ತು.

"ಇಂಚೂ."

ಅವಳು ತಲೆಯೆತ್ತಲಿಲ್ಲ. ಅವನು ಮೊರ ಕಿತ್ತುಕೊಂಡ. ಅವಳ ಕೈಗಳು ಗಾಳಿಯಲ್ಲಿ ಅದೇ ಕೆಲಸ ಮುಂದುವರಿಸಿದವು. ಅವನು ಎತ್ತಿ ಎದೆಗವಚಿಕೊಂಡಾಗ ಅವಳ ಕಣ್ಣುಗಳು ಅವನ ಭುಜದ ಮೇಲಿಂದ ಮೊರವನ್ನೇ ನೋಡುತ್ತಿದ್ದವು.

"ಅಪ್ಪಾ, ಬಿಡು. ಇನ್ನೂ ಮುಗಿದಿಲ್ಲ," ಎಂದಳು. ದನಿಯಲ್ಲಿ ಅಳುವಿರಲಿಲ್ಲ. ಆಮೇಲೆ ಬಹಳ ಸಣ್ಣಗೆ, "ನಂಗ ಬಿಡಾಕ ಬರವಲ್ದು," ಎಂದಳು.

ಗುರುಸಿದ್ಧ ಅವಳನ್ನು ಎತ್ತಿಕೊಂಡೇ ಕಂಪನಿಗೆ ಓಡಿದ. ಹಿಂದೆ, ಅವನ ಕೂಗು ಕೇಳಿ ಓಡಿಬಂದ ಕಸ್ತೂರಿ, ಅವಳ ಕೈಯಲ್ಲಿ ಮೊಸರಿನ ಗಡಿಗೆ. ನಡೆದದ್ದನ್ನೆಲ್ಲ, ತುತ್ತಿನಿಂದ ಹಿಡಿದು ಸುಳ್ಳಿನವರೆಗೆ, ಅವನು ದಾರಿಯಲ್ಲೇ ಫೋನಿನಲ್ಲಿ ಒಪ್ಪಿಸಿದ್ದ.

ನಫೀಸಾ ಮೊಸರನ್ನೂ ಮೂವರ ಮಾದರಿಗಳನ್ನೂ ಪರೀಕ್ಷೆಗೆ ಹಾಕಿ, ಮಗುವಿಗೆ ನಿದ್ದೆಯ ಔಷಧಿ ಕೊಟ್ಟು ಮಲಗಿಸಿದರು. ಎರಡು ದಿನದ ಮೇಲೆ ಗಂಡ ಹೆಂಡತಿಯನ್ನು ಪ್ರಯೋಗಶಾಲೆಗೆ ಕರೆದು ಕೂರಿಸಿದರು. ಅವರು ಬೈಯುವ ಜಾತಿಯವರಲ್ಲ. ಅವತ್ತು ಬೈದಿದ್ದರೆ ಚೆನ್ನಾಗಿತ್ತು ಎಂದು ಗುರುಸಿದ್ಧನಿಗೆ ಅನ್ನಿಸಿತು.

"ಈ ಮೊಸರಿಗೆ ಹೆಪ್ಪು ಎಲ್ಲಿಂದು?"

ಕಸ್ತೂರಿ ಹೇಳಿದಳು. ಮೆಣಸಿನಕಾಯಿ ತೊಟ್ಟು ಎಂದಳು. ಪ್ಯಾಕೆಟ್ಟು ತೊಳೆದ ಹಾಲೂ ಸೇರಿತ್ತು ಎಂದಳು. "ಚೆಲ್ಲಾಕ ಮನಸ್ಸಾಗಲಿಲ್ರಿ ಮೇಡಂ. ಉಣ್ಣೂ ವಸ್ತು ಅಲ್ರೀ?"

"ಅಂಬಲ್ಯಾಗ ಆಹಾರದ ಜೊತಿ ಜೀವಂತ ನೆಲೆನೂ ಇರ್ತದ. ಹೊಟ್ಟ್ಯಾಗ ಕಡಿಮಿ ಆದದ್ದು ತುಂಬಲಿ ಅಂತ ಹಾಕಿರ್ತೀವಿ. ತೊಟ್ಟಿನ ಮ್ಯಾಲೆ ಬ್ಯಾರೆ ಜೀವಿಗಳು ಕುಂತಿರ್ತಾವ. ನೆಲೆಗೆ ಯಾವ ಸತ್ವ ಇಲ್ಲಂತ ಮಾಡಿದ್ವೋ ಅದನ್ನ ತಯಾರು ಮಾಡೂ ವಿದ್ಯಾ ಅವಕ್ಕ ಗೊತ್ತೈತಿ. ದಿನಾ ಒಂದೇ ಗಡಿಗ್ಯಾಗ ಹೆಪ್ಪಿನ ಮ್ಯಾಲೆ ಹೆಪ್ಪು. ಒಟ್ಟಿಗೆ ಇದ್ದು ಇದ್ದು ನೆಲೆ ಆ ವಿದ್ಯಾ ಕಲ್ತುಬಿಟ್ಟೈತಿ. ಈಗ ಅದಕ್ಕ ನಮ್ಮ ಅಂಬಲಿ ಬ್ಯಾಡ. ಕಡಿವಾಣ ಹರದೈತಿ."

"ಹರದ್ರ ಛಲೋ ಆತಲ್ರಿ," ಎಂದ ಗುರುಸಿದ್ಧ, ಅರ್ಥವಾಗದೆ.

"ಅಂಬಲಿ ಬರೇ ಕೂಳಲ್ರಿ. ರಜಾ ದಿನದ ಪ್ಯಾಕೆಟ್ಟಿನ್ಯಾಗ ಸತ್ವ ಕಡಿಮಿ ಇರ್ತದ. ಆವಾಗ ನೆಲೆ ಸ್ವಲ್ಪ ಸೊರಗತದ, ನಿಮ್ಮ ಹಿಡಿತ ಸಡಿಲಾಕ್ಕೈತಿ, ನೀವು ಮಲಗ್ತೀರಿ, ನಗ್ತೀರಿ. ಈ ಹೊಸಾದಕ್ಕ ಸಡಿಲ ಆಗೂದಂದ್ರ ಗೊತ್ತಿಲ್ಲ. ನಿಮ್ಮ ಹೊಟ್ಟ್ಯಾಗೂ ಸೇರೈತಿ, ನಿಧಾನಕ್ಕ ನೀವೂ ಹಂಗ ಆಗ್ತಿದ್ರಿ. ನಿಮ್ಮನ್ನ ತೊಳದು ಮತ್ತ ಕಂಪನಿದು ನೆಡಬಹುದು. ಕಸ್ತೂರಿಬಾಯಿ ಹೊಟ್ಟ್ಯಾಗ ಅವರದೇ ಬಳಗ ಗಟ್ಟಿ ಐತಿ, ಮೊಸರು ಬಿಟ್ರ ಹೊರಗ ಹಾಕ್ತಾವ. ಆದ್ರ ಹುಡುಗಿಗೆ ಜ್ವರದಾಗ ಮಾತ್ರಿ ಕೊಟ್ಟಿದ್ರಿ. ಆಕಿ ಬಳಗೆಲ್ಲಾ ಸತ್ತು ಹೊಲ ಹರಗಿ ಖಾಲಿ ಬಿಟ್ಟಂಗಾಗಿತ್ತು. ಇದೊಂದ ಪೂರ್ತಿ ಬೆಳಕೊಂಡೈತಿ."

"ತೊಳೀರಿ ಹಂಗಾರ," ಎಂದಳು ಕಸ್ತೂರಿ. "ನನ್ನದ ಬಳಗ ತಗೊಂಡು ಆಕಿಗೆ ಹಾಕ್ರಿ."

"ನಿಮ್ಮದ್ರಾಗೂ ಇದು ಬೆರತೈತಲ್ರಿ. ಹಾಕಿದ್ರ ಇದನ್ನ ಮತ್ತ ಹಾಕಿದಂಗ. ಹಿಂದ ಕೆಲವರಿಗೆ ಊರವರದು ಹಾಕಿ ನೋಡೇವಿ, ನೆಲೆ ಮುಂದ ನಿಲ್ಲಂಗಿಲ್ಲ. ಚಂಚಲರ ಬಳಗ, ಅದ್ರಾಗೂ ಅದ ರಕ್ತದವರದು ಇದ್ರ ಮಾತ್ರ ಬೇರು ಬಿಡತೈತಿ." ನಫೀಸಾ ಪರೀಕ್ಷೆಯ ಕಾಗದ ಮಡಚಿಟ್ಟು ಹೇಳಿದರು. "ಇಲ್ಲಾಂದ್ರ ಕಂಪನಿ ನೆಲೆನ ಹಾಕಬೇಕು. ಕಡಿವಾಣ ಇದ್ದದ್ದು. ಆಕಿ ಆರಾಮ ಇರ್ತಾಳ. ಜೀವನಪೂರ್ತಿ ಅಂಬಲಿ ಕುಡೀಬೇಕು, ಅಷ್ಟ. ದೊಡ್ಡಾಕಿ ಆದ ಮ್ಯಾಲೆ ಕೆಲಸಾನೂ ಕೊಡ್ತಾರ."

ಗೋಡೆಯಾಚೆ ಶೀತಲ ಪೆಟ್ಟಿಗೆಯೊಂದು ಗುಂಯ್‌ಗುಡುತ್ತಿತ್ತು. ಗುರುಸಿದ್ಧನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಚಂಚಲ, ಅದೇ ರಕ್ತ.

"ನನ್ನ ಮೂಲ ಐತಲ್ರಿ," ಎಂದ.

"ಐತಿ. ಒಂದ ಕೊಳವಿ. ಒಬ್ಬರಿಗೆ ಒಂದ ಸಲಕ್ಕ ಸಾಕಾಗುವಷ್ಟು."

"ಬೆಳಸಾಕ ಬರಂಗಿಲ್ಲೇನ್ರಿ? ಹೆಪ್ಪು ಹಾಕಿದಂಗ?"

"ನೋಡೇವ್ರಿ. ಅದ್ರಾಗ ನೂರಾರು ಜಾತಿ ಇರ್ತಾವ. ಗಾಜಿನ್ಯಾಗ ಇಟ್ರ ನಾಕಾರು ಜಾತಿ ಬೆಳದು ಉಳದವು ಸಾಯ್ತಾವ. ಆಕಿಗೆ ಕೊಟ್ರ ನಿಮಗ ಮತ್ತ ಸಿಗಂಗಿಲ್ಲ. ಆಕಿ ಹೊಟ್ಟ್ಯಾಗ ಹೋದ ಮ್ಯಾಲೆ ಅದು ಆಕಿದಾಗತೈತಿ, ಅಲ್ಲಿಂದ ತಗೊಂಡ್ರ ನಿಮಗ ಹತ್ತಂಗಿಲ್ಲ. ಕರಾರು ಮುಗಿದ್ರೂ ನಿಮಗ ಅಂಬಲಿ ಬಿಟ್ಟು ಇರಾಕ ಆಗಂಗಿಲ್ಲ. ಅಂಬಲಿ ಕೊಡೂದು ಕೆಲಸಕ್ಕ ಇದ್ದವರ ಮನಿಗೆ ಅಷ್ಟ."

ಹೊರಗಿನ ಕೊಠಡಿಯಲ್ಲಿ ಇಂಚರಾ ಮಲಗಿದ್ದಳು. ನಿದ್ದೆಯಲ್ಲೂ ಬೆರಳುಗಳು ಸಿಪ್ಪೆ ಬಿಡಿಸುತ್ತಿದ್ದವು. ಗುರುಸಿದ್ಧ ತೆರೆದ ಬಾಗಿಲಿನಿಂದ ಆ ಬೆರಳುಗಳನ್ನು ನೋಡಿದ. ನೋಡುತ್ತ ನೋಡುತ್ತ ದೀಪಾವಳಿಯ ಆಸೆ ಎದೆಯಲ್ಲಿ ಹೊರಳಾಡಿತು. ಅದನ್ನು ಕಿತ್ತು ಎಸೆಯೋಣವೆಂದರೆ ಅದೂ ಹಿಡಿದ ಹಿಡಿ ಬಿಡಲಿಲ್ಲ. ಸರಿ, ಇರಲಿ, ಜೊತೆಗೇ ಇರಲಿ ಎಂದುಕೊಂಡ.

ಕಸ್ತೂರಿ ಅವನ ತೋಳು ಹಿಡಿದಳು. "ನನ್ನ ಕೈಲೆ ಆಗಿದ್ದಿದು. ನೀವ್ಯಾಕ ದಂಡ ತೆರಬೇಕು?"

"ನಿನ್ನ ಕೈ ಏನ್ ಮಾಡ್ತು? ಕದ್ದು ಉಂಡಾಂವ ನಾನು, ಸುಳ್ಳು ಹೇಳಿದಾಂವ ನಾನು." ಅವನು ನಫೀಸಾರ ಕಡೆ ತಿರುಗಿದ. "ಆಕಿಗೆ ಹಾಕ್ರಿ ಮೇಡಂ."

ಕಂಪನಿ ತಕರಾರು ಮಾಡುತ್ತದೆಂದು ಅವನು ಅಂದುಕೊಂಡಿದ್ದ. ಕಂಪನಿ ಒಂದು ಮಾತೂ ಬೇಡವೆನ್ನಲಿಲ್ಲ. ದೊಡ್ಡ ಸಾಹೇಬರು ತ್ಯಾಗ, ವಾತ್ಸಲ್ಯ ಎಂದೆಲ್ಲ ಹೊಗಳಿ ಕೈ ಕುಲುಕಿದರು. ಇಂಥ ಕಣ್ಣು ಮತ್ತೆ ಸಿಗುವುದಿಲ್ಲವೆಂದು ಅವರಿಗೂ ಗೊತ್ತಿತ್ತು. ಇನ್ನು ಆ ಕಣ್ಣು ಎಲ್ಲಿಗೂ ಹೋಗುವುದಿಲ್ಲವೆಂಬುದೂ ಗೊತ್ತಿತ್ತು. ಮೊಸರಿನ ಗಡಿಗೆಯನ್ನು ಕುಲುಮೆಯಲ್ಲಿಟ್ಟು ಸುಟ್ಟರು. ಕಸ್ತೂರಿ ಯಾರಿಗಾದರೂ ಹೆಪ್ಪು ಕೊಟ್ಟಿದ್ದಳೇ ಎಂದು ಓಣಿಯ ಮನೆಮನೆಯನ್ನೂ ಹೊಕ್ಕು ವಿಚಾರಿಸಿದರು. ಪುಣ್ಯಕ್ಕೆ ಯಾರೂ ಕೇಳಿರಲಿಲ್ಲ. ಗುರುಸಿದ್ಧನನ್ನು ತೊಳೆದು, ಹೊಸದಾಗಿ ನೆಟ್ಟು, ಮತ್ತೆ ಕುರ್ಚಿಯಲ್ಲಿ ಕೂರಿಸಿದರು. ಯಮನೂರಪ್ಪನ ಕರಾರು ದಸರೆಗೇ ಮುಗಿಯಿತು. ಮೂಲ ಹಾಕಿಸಿಕೊಂಡು ಹೋಗುವಾಗ ಅವನು ಎಲ್ಲರಿಗೂ ಪೇಢೆ ಹಂಚಲು ಡಬ್ಬಿ ತಂದು, ಅರ್ಧ ಜನಕ್ಕೆ ಹಂಚಿ, ಡಬ್ಬಿಯನ್ನು ಅಲ್ಲೇ ಮರೆತು ಹೋದ. ಗುರುಸಿದ್ಧ ಆ ಡಬ್ಬಿಯನ್ನು ಬಹಳ ಹೊತ್ತು ನೋಡಿದ.

ಇಂಚರಾಳ ಹೊಟ್ಟೆಯಲ್ಲಿ ಮೂಲ ಬೇರು ಬಿಡಲು ಕೆಲವು ವಾರ ಹಿಡಿಯಿತು. ಮೊದಲು ಬೆರಳುಗಳು ನಿಂತವು. ಆಮೇಲೊಂದು ದಿನ ಪಾಟಿಯ ಮೇಲೆ ಲೆಕ್ಕ ಅರ್ಧಕ್ಕೆ ಬಿಟ್ಟು ಕಿಟಕಿಗೆ ಹೋದಳು. ಅಕ್ಕೋರಿಂದ ದೂರು ಬಂತು. ಕಸ್ತೂರಿ ಆ ದೂರನ್ನು ಕೇಳಿಸಿಕೊಂಡು ಬಂದು, ಸೆರಗಿನಲ್ಲಿ ಮುಖ ಮುಚ್ಚಿ ಅತ್ತು, ಎದ್ದು ಮಗಳಿಗೆ ಸಿಹಿ ಸಜ್ಜಕ ಮಾಡಿ ಹಾಕಿದಳು. ಹಾಗೆಂದು ಬೈಯುವುದನ್ನೇನೂ ಬಿಡಲಿಲ್ಲ. "ಒಂದ ಜಡಿ ಹೆಣಕೊಂಡು ಇನ್ನೊಂದು ಬಿಟ್ಟು ಎಲ್ಲಿ ಹೊಂಟೀಯೇ?" ಎಂದು ಅವಳು ಅಂಗಳದಲ್ಲಿ ಕೂಗುವುದು ಓಣಿಗೆಲ್ಲ ಕೇಳುತ್ತಿತ್ತು.

ದೀಪಾವಳಿ ಕಳೆದ ಮೇಲಿನ ಒಂದು ರವಿವಾರ ಗುರುಸಿದ್ಧ ರಜೆಯ ಪ್ಯಾಕೆಟ್ಟು ಕುಡಿದು ಕೂತಿದ್ದ. ಇಂಚರಾ ಬಂದು ಅಂಗಿ ಎಳೆದಳು. ಸುದ್ದಿಪತ್ರಿಕೆಯ ಸಾಲು ಮುಗಿಯುವವರೆಗೆ ಅವನಿಗೆ ಕೇಳಲಿಲ್ಲ, ಆದರೆ ಈ ಸಲ ಅವಳು ಎಳೆಯುತ್ತಲೇ ಇದ್ದಳು. ಕೊನೆಗೆ ಕೈ ಹಿಡಿದು ಓಣಿಯ ತುದಿಗೆ ಕರೆದೊಯ್ದಳು. ಗಾದಿ ಮಾಡುವವನೊಬ್ಬ ಯಂತ್ರ ಹೂಡಿ ಹತ್ತಿ ಹಿಂಜುತ್ತಿದ್ದ. ಅರಳೆ ಎದ್ದು ಗಾಳಿಯಲ್ಲಿ ಹಾರಿ, ನೋಡುವವರ ತಲೆಗೂದಲಿಗೆಲ್ಲ ಅಂಟುತ್ತಿತ್ತು.

"ನೋಡಪ್ಪಾ, ಹೆಂಗ ಹಾರಾಕತ್ತೈತಿ."

ಅವನು ನೋಡಿದ. ಅವಳು ಒಂದು ಎಳೆಯನ್ನು ಅಂಗೈಯಲ್ಲಿ ಹಿಡಿದು ಊದಿದಳು, ಅದರ ಹಿಂದೆ ಓಡಿದಳು, ನಡುವೆ ಕಟ್ಟೆಯ ಮೇಲಿನ ಆಡಿನ ಮರಿ ಕಂಡು ಎಳೆಯನ್ನು ಮರೆತಳು, ನಲ್ಲಿಯ ಹತ್ತಿರ ಕೊಡಗಳ ಸಪ್ಪಳ ಕೇಳಿ ಮರಿಯನ್ನೂ ಬಿಟ್ಟು ಮೂಲೆ ತಿರುಗಿದಳು. ಆ ಓಟ ಅವನಿಗೆ ಚೆನ್ನಾಗಿ ಗೊತ್ತು. ಅದು ಎಲ್ಲಿ ನಿಲ್ಲುತ್ತದೆ, ಯಾವುದನ್ನು ಅರ್ಧಕ್ಕೆ ಬಿಡುತ್ತದೆ, ಯಾವ ಸಪ್ಪಳಕ್ಕೆ ತಿರುಗುತ್ತದೆ, ಎಲ್ಲ. ಹಿಂದೆಯೇ ಓಡಬೇಕೆಂದು ಜೀವ ಹಾತೊರೆಯಿತು. ಆದರೆ ಕಣ್ಣು ಹತ್ತಿಯ ಮೇಲೆ ಕೂತುಬಿಟ್ಟಿತ್ತು. ಮುದ್ದೆಯೊಂದು ಯಂತ್ರದ ಹಲ್ಲಿಗೆ ಸಿಕ್ಕುವುದು, ಬಿಚ್ಚಿಕೊಳ್ಳುವುದು, ಎಳೆಯೆಳೆಯಾಗಿ ಏಳುವುದು. ಕಾಲುಗಳು ಕಣ್ಣಿನ ಅಪ್ಪಣೆಗೆ ಕಾದವು. ಅಪ್ಪಣೆ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಇಂಚರಾ ಒಂದೇ ಕಾಲಲ್ಲಿ ಚಪ್ಪಲಿ ಹಾಕಿಕೊಂಡು, ಏದುಸಿರು ಬಿಡುತ್ತ ಬಂದಳು.

"ಅಪ್ಪಾ, ನೀ ಇನ್ನೂ ಇದನ್ನ ನೋಡಾಕತ್ತೀಯಾ? ನಾ ಎಲ್ಲೆಲ್ಲಿ ಹೋಗಿ ಬಂದೆ ಗೊತ್ತೇನು?"

"ಎಲ್ಲೆಲ್ಲಿ ಹೋಗಿದ್ದಿ, ಹೇಳವ್ವಾ," ಎಂದ ಗುರುಸಿದ್ಧ, ಕಣ್ಣು ತೆಗೆಯಲಾರದೆ.

ಅವಳು ಹೇಳತೊಡಗಿದಳು. ಆಡಿನ ಮರಿ, ನಲ್ಲಿ, ನಲ್ಲಿಯ ಹಿಂದಿನ ಗೋಡೆ, ಗೋಡೆಯ ಮೇಲೊಂದು... ಅಷ್ಟರಲ್ಲಿ ಎಲ್ಲೋ ಬ್ಯಾಂಡಿನ ಸದ್ದಾಯಿತು. ಮಾತನ್ನು ಅಲ್ಲೇ ಬಿಟ್ಟು ಅವಳು ಓಡಿದಳು. ಉಳಿದರ್ಧ ಏನಿರಬಹುದೆಂದು ಅವನಿಗೆ ಗೊತ್ತಿತ್ತು. ಗಾದಿಯವನು ಹತ್ತಿ ತುಂಬಿ, ಹೊಲಿದು, ಯಂತ್ರ ಕಟ್ಟಿಕೊಂಡು ಹೋಗುವವರೆಗೆ ಅವನು ಅಲ್ಲೇ ನಿಂತಿದ್ದ.